ಅಗ್ಗದ ‘2 ಲೀಟರ್’ ನೀರಿನ ಬ್ಯಾಗ್ ನಂಬಿಕೊಂಡು ಆನೆಗೊಂದಿ ಗುಡ್ಡಕ್ಕೆ ಓಡಬೇಡಿ

ಕೊಪ್ಪಳ, ಗಂಗಾವತಿ, ಬಳ್ಳಾರಿ ಕಡೆ ಗುಡ್ಡದ ದಾರಿಗಳಲ್ಲಿ ದೂರ ಓಡುವವರೆಲ್ಲ ದಯವಿಟ್ಟು ಇದನ್ನು ಪೂರ್ತಿ ಓದಿ. ಆನ್‌ಲೈನ್‌ನಲ್ಲಿ ಎಂಟುನೂರು, ಸಾವಿರ ರೂಪಾಯಿಗೆ ಸಿಗುವ, ಬೆನ್ನಿಗೆ ಹಾಕಿಕೊಂಡು ಪೈಪಿನಿಂದ ನೀರು ಹೀರುವ ಬ್ಯಾಗೊಂದು ಈಚೆಗೆ ಆನೆಗೊಂದಿ ಹತ್ತಿರದ ಸಾಣಾಪುರದ ಆಚೆ ಒಬ್ಬ ಓಟಗಾರನಿಗೆ ಕೈಕೊಟ್ಟಿತು. ಬಿಸಿಲು ಏರಿದ ಹೊತ್ತು, ಸುತ್ತ ಬರೀ ಬಂಡೆ. ಪೈಪ್ ಹೀರಿದರೆ ಗಾಳಿ. ಆತ ಕುಡಿದದ್ದು ಅರ್ಧ ಲೀಟರೂ ಇಲ್ಲ. ಉಳಿದದ್ದೆಲ್ಲ ಬೆನ್ನಿನ ಫೋಮ್‌ಗೆ ಇಳಿದು, ಚಡ್ಡಿ ತೊಯ್ಸಿ, ನೆಲಕ್ಕೆ ಹೋಗಿತ್ತು. ಬೆನ್ನು ಮೊದಲೇ ಬೆವರಿನಿಂದ ಒದ್ದೆಯಾಗಿದ್ದರಿಂದ ಸೋರುವುದು ಗೊತ್ತೇ ಆಗಿಲ್ಲ. ತಲೆಸುತ್ತು ಬಂದು ಕೂತವನಿಗೆ ಗದ್ದೆ ಕೆಲಸಕ್ಕೆ ಹೊರಟಿದ್ದ ಹೆಣ್ಣುಮಕ್ಕಳು ತಮ್ಮ ಕೊಡದ ನೀರು ಕೊಟ್ಟರು. ಅವರು ಆ ದಾರಿಯಲ್ಲಿ ಬರದೇ ಇದ್ದಿದ್ದರೆ ಎಂದು ನೆನೆಸಿಕೊಂಡರೆ ಈಗಲೂ ಭಯವಾಗುತ್ತದೆ.

ಬ್ಯಾಗ್ ಬಿಚ್ಚಿ ನೋಡಿದರೆ ಬ್ಲಾಡರ್ (ಒಳಗೆ ನೀರು ತುಂಬುವ ಪ್ಲಾಸ್ಟಿಕ್ ಚೀಲ) ಹರಿದಿರಲಿಲ್ಲ. ಕೆಳಗೆ ಪೈಪ್ ಸೇರುವ ಜಾಗದಲ್ಲಿ ದುಂಡನೆಯ ಪ್ಲಾಸ್ಟಿಕ್ ಬಳೆಯನ್ನು ಚೀಲಕ್ಕೆ ಶಾಖ ಕೊಟ್ಟು ಅಂಟಿಸಿರುತ್ತಾರಲ್ಲ, ಆ ಅಂಟು ಒಂದು ಕಡೆ ಉಗುರಿನಷ್ಟು ಎದ್ದಿತ್ತು. ಕಾರಣ ಹುಡುಕುವುದು ಕಷ್ಟವಲ್ಲ. ಓಡುವಾಗ ನಿಮಿಷಕ್ಕೆ ಸುಮಾರು 170 ಹೆಜ್ಜೆ ಎಂದಿಟ್ಟುಕೊಳ್ಳಿ. ಗಂಟೆಗೆ ಹತ್ತು ಸಾವಿರ ಸಲ ಎರಡು ಕೆಜಿ ನೀರು ಮೇಲೆದ್ದು ಕೆಳಗೆ ಬೀಳುತ್ತದೆ. ಆ ಬ್ಯಾಗಿನಲ್ಲಿ ಬ್ಲಾಡರನ್ನು ಮೇಲಿನಿಂದ ತೂಗುಹಾಕಲು ಕೊಕ್ಕೆಯೇ ಇರಲಿಲ್ಲ. ಹಾಗಾಗಿ ಚೀಲ ಕೆಳಗೆ ಕುಸಿದು ಕೂತು, ಪ್ರತಿ ಹೆಜ್ಜೆಯ ಹೊಡೆತವೂ ಆ ಬಳೆಯ ಮೇಲೇ ಬಿದ್ದಿದೆ.

ಅಸಲಿಗೆ ಅದು ಓಟದ ಬ್ಯಾಗೇ ಅಲ್ಲ, ಸೈಕಲ್ ಬ್ಯಾಗ್. ಸೈಕಲ್ ಮೇಲೆ ಬಾಗಿ ಕೂತಾಗ ಬೆನ್ನು ಅಲುಗಾಡುವುದು ಕಡಿಮೆ, ಭಾರ ಬೆನ್ನ ಮೇಲೆ ಮಲಗಿದಂತಿರುತ್ತದೆ. ಅದನ್ನೇ ಹಾಕಿಕೊಂಡು ಓಡಿದರೆ ಬೆನ್ನಿನ ಮೇಲೆ ಕುಣಿಯುತ್ತದೆ. ಕುಣಿತ ತಡೆಯಲು ಎದೆಪಟ್ಟಿ ಬಿಗಿದರೆ ಏರು ಹತ್ತುವಾಗ ಉಸಿರು ಕಟ್ಟುತ್ತದೆ. ಪಟ್ಟಿಯ ಒರಟು ಅಂಚು ಕೊರಳ ಬುಡ, ಕಂಕುಳ ಉಜ್ಜಿ ಗಾಯ ಮಾಡುತ್ತದೆ. ಮಾರುವವರು ‘ಟ್ರೆಕ್ಕಿಂಗ್, ಸೈಕ್ಲಿಂಗ್, ರನ್ನಿಂಗ್ ಎಲ್ಲಕ್ಕೂ’ ಎಂದು ಬರೆದಿದ್ದರೆ ಆ ಒಂದು ಸಾಲೇ ಸಾಕು, ಬಿಟ್ಟುಬಿಡಿ.

ಗಾಯ, ಉಜ್ಜುವಿಕೆ ಎರಡನೇ ಮಾತು. ದೊಡ್ಡ ಅಪಾಯ ಏನೆಂದರೆ, ಬೆನ್ನ ಹಿಂದಿನ ನೀರು ಕಣ್ಣಿಗೆ ಕಾಣುವುದಿಲ್ಲ. ಎಷ್ಟು ಉಳಿದಿದೆ ಎಂಬುದು ಖಾಲಿಯಾದ ಮೇಲೆಯೇ ತಿಳಿಯುವುದು. ಮಲೆನಾಡಿನ ನೆರಳಲ್ಲಿ, ಹಳ್ಳ ಹರಿಯುವ ಕಡೆ ಅದು ನಡೆದೀತು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಕಡೆ ನಡೆಯುವುದಿಲ್ಲ. ದಾರಿಯಲ್ಲಿ ಬೋರ್ ಸಿಗುತ್ತದಲ್ಲ ಎನ್ನಬೇಡಿ, ಕರೆಂಟ್ ಇಲ್ಲದಿದ್ದರೆ ಬೋರಿನಲ್ಲಿ ನೀರಿಲ್ಲ. ತುಂಗಭದ್ರಾ ಕಾಲುವೆ ಬೇಸಿಗೆಯಲ್ಲಿ ಒಣಗಿರಬಹುದು. ಹರಿಯುವಾಗಲೂ ಭತ್ತದ ಗದ್ದೆಗಳ ಔಷಧಿ ಬಸಿದು ಬರುವ ಜಾಗದಲ್ಲಿ ಕುಡಿಯುವ ಧೈರ್ಯ ಮಾಡಬೇಡಿ. ಸಂಜೆ ತಂಪಿಗೆ ಓಡೋಣ ಎಂದರೆ ದಿನವೆಲ್ಲ ಕಾದ ಬಂಡೆಗಳು ಕತ್ತಲಾದ ಮೇಲೂ ಬಿಸಿ ಉಗುಳುತ್ತಿರುತ್ತವೆ. ನಮ್ಮ ಕಡೆ ಬೆಳಗಿನ ಜಾವವೇ ಸರಿ.

ಆದ್ದರಿಂದ ನೀರನ್ನು ಒಂದೇ ಚೀಲದಲ್ಲಿ ಇಡಬೇಡಿ. ಓಟಕ್ಕೆಂದೇ ಮಾಡಿದ ವೆಸ್ಟ್, ಅಂದರೆ ಬನಿಯನ್ನಿನಂತೆ ಮೈಗೆ ಅಂಟಿ ಕೂರುವ ಬ್ಯಾಗ್ ತಗೊಳ್ಳಿ: ಎದೆಯ ಎರಡೂ ಬದಿ 500 ಎಂಎಲ್‌ನ ಸಾಫ್ಟ್ ಫ್ಲಾಸ್ಕ್ (ಮೆತ್ತನೆ ಬಾಟಲಿ), ಹಿಂದೆ ಒಂದೂವರೆ ಲೀಟರಿನ ಬ್ಲಾಡರ್. ಮೊದಲು ಹಿಂದಿನದನ್ನು ಕುಡಿಯಿರಿ. ಪೈಪಿನಲ್ಲಿ ಗಾಳಿ ಬಂತೆಂದರೆ ಕಣ್ಣೆದುರು ಇನ್ನೂ ಒಂದು ಲೀಟರ್ ಇದೆ, ಅಷ್ಟರೊಳಗೆ ವಾಪಸ್ ದಾರಿ ಹಿಡಿದಿರಲೇಬೇಕು. ಎದೆಯ ಫ್ಲಾಸ್ಕ್ ಒಂದರಲ್ಲಿ ಓಆರ್‌ಎಸ್, ಇನ್ನೊಂದರಲ್ಲಿ ಬರೀ ನೀರು ಇರಲಿ. ತಲೆ ಮೇಲೆ ಸುರಿದುಕೊಳ್ಳಬೇಕಾದಾಗ ಬೇಕಾಗುವುದು ಬರೀ ನೀರೇ. ಸಾಫ್ಟ್ ಫ್ಲಾಸ್ಕ್ ಕುಡಿದಂತೆಲ್ಲ ಚಪ್ಪಟೆಯಾಗುವುದರಿಂದ ಕುಲುಕುವುದಿಲ್ಲ.

ಇಲ್ಲೊಂದು ಮೋಸ ಹೋಗುವ ಜಾಗವಿದೆ. ವೆಸ್ಟ್ ಮೇಲೆ ‘10 ಲೀಟರ್’ ಎಂದಿದ್ದರೆ ಅದು ಸಾಮಾನು ಹಿಡಿಯುವ ಜಾಗ, ನೀರಲ್ಲ. ಬ್ಲಾಡರ್ ಮೇಲೆ ‘2 ಲೀಟರ್’ ಎಂದಿದ್ದರೂ ಬ್ಯಾಗಿನೊಳಗೆ ಕೂತ ಮೇಲೆ ಅಷ್ಟು ಹಿಡಿಯದೇ ಇರಬಹುದು. ಒಂದು ಲೀಟರಿನ ಬಾಟಲಿಯಿಂದ ಅಳೆದು ಹಾಕಿ ನೋಡಿ. ‘ಬಿಪಿಎ ಫ್ರೀ’ (ಬಿಪಿಎ ಎಂಬ ರಾಸಾಯನಿಕ ಇಲ್ಲ) ಎಂಬ ಮುದ್ರೆಗೂ ಮರುಳಾಗಬೇಡಿ, ಈ ಮೆತ್ತನೆ ಚೀಲಗಳ ವಿಷಯದಲ್ಲಿ ಅದು ಹೆಚ್ಚೇನೂ ಹೇಳುವುದಿಲ್ಲ. ಟಿಪಿಯು (ಬಾಗುವ ಒಂದು ಬಗೆಯ ಪ್ಲಾಸ್ಟಿಕ್) ಎಂದು ಬರೆದಿದೆಯೇ ನೋಡಿ. ಮೂಸಿದರೆ ಹೊಸ ರೇನ್‌ಕೋಟ್ ವಾಸನೆ ಹೊಡೆಯುವ ಚೀಲ ಬಿಸಿಲಲ್ಲಿ ಆ ವಾಸನೆಯನ್ನು ನೀರಿಗೂ ಬಿಡುತ್ತದೆ.

ಅಳತೆ ಎದೆಯ ಸುತ್ತಿನ ಪ್ರಕಾರ, ಕಂಕುಳ ಕೆಳಗೆ ಟೇಪ್ ಹಿಡಿದು. ‘ಫ್ರೀ ಸೈಜ್’ ಬೇಡ. ನೀರು ಕಡಿಮೆಯಾದಂತೆ ವೆಸ್ಟ್ ಸಡಿಲವಾಗುತ್ತದೆ, ಹಾಗಾಗಿ ಪಕ್ಕೆಯಲ್ಲಿ ಎಳೆದು ಬಿಗಿಮಾಡುವ ದಾರ ಅಥವಾ ಪಟ್ಟಿ ಇರಲೇಬೇಕು. ಎದೆಯ ಮೇಲೆ ಎರಡು ಅಡ್ಡಪಟ್ಟಿ, ಎತ್ತರ ಬದಲಿಸುವಂತಿರಬೇಕು. ಪೈಪಿನ ತುದಿಯಲ್ಲಿ ಕಚ್ಚಿ ಹೀರುವ ಬೈಟ್ ವಾಲ್ವ್‌ಗೆ ಮುಚ್ಚಳ ಬೇಕು. ಸಂಡೂರು ಕಡೆ ಅದಿರಿನ ಕೆಂಪು ಧೂಳಿನಲ್ಲಿ ಮುಚ್ಚಳವಿಲ್ಲದ ವಾಲ್ವ್ ಬಾಯಿಗಿಟ್ಟರೆ ಮೊದಲ ಗುಟುಕೇ ಮಣ್ಣು.

ಮನೆಗೆ ಬಂದ ದಿನವೇ ಪರೀಕ್ಷೆ ಮಾಡಿ. ಡಬ್ಬ ಒಡೆಯುವುದನ್ನು ಮೊಬೈಲಿನಲ್ಲಿ ವಿಡಿಯೊ ತೆಗೆದಿಡಿ. ಬ್ಲಾಡರ್ ಪೂರ್ತಿ ತುಂಬಿ, ಬಾಯಿ ಮುಚ್ಚಿ, ತಲೆಕೆಳಗು ಮಾಡಿ ಪೈಪಿನಿಂದ ಗಾಳಿಯನ್ನೆಲ್ಲ ಹೀರಿ ತೆಗೆಯಿರಿ. ಗಾಳಿ ಉಳಿದರೆ ಓಡುವಾಗ ಗುಳುಗುಳು ಕುಲುಕುತ್ತದೆ. ಆಮೇಲೆ ಹಳೆ ಪೇಪರ್ ಹಾಸಿ, ಅದರ ಮೇಲೆ ಬ್ಲಾಡರ್ ಮಲಗಿಸಿ, ಹಲಗೆಯೊಂದನ್ನಿಟ್ಟು ಅದರ ಮೇಲೆ ಐದು ಕೆಜಿ ಅಕ್ಕಿ ಚೀಲ ಹೇರಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಪೇಪರ್ ಎಲ್ಲಿ ಒದ್ದೆಯಾಗಿದೆ ನೋಡಿ: ಪೈಪಿನ ಬುಡವೋ, ಮುಚ್ಚಳವೋ, ಬದಿಯ ಅಂಟೋ. ಮುಚ್ಚಳದಲ್ಲಾದರೆ ಒಳಗಿನ ರಬ್ಬರ್ ರಿಂಗ್ ಸರಿಯಾಗಿ ಕೂತಿರದೇ ಇರಬಹುದು, ಸರಿಪಡಿಸಿಕೊಳ್ಳಬಹುದು. ಬುಡದಲ್ಲೋ ಅಂಟಿನಲ್ಲೋ ಆದರೆ ವಾಪಸ್ ಕಳಿಸಿ, ರಿಪೇರಿಗೆ ಕೈ ಹಾಕಬೇಡಿ. ಸೈಕಲ್ ಪಂಕ್ಚರ್ ಸಲ್ಯೂಷನ್ ಟ್ಯೂಬಿನ ರಬ್ಬರಿಗೆ ಮಾಡಿದ್ದು. ಈ ಪ್ಲಾಸ್ಟಿಕ್ ಮೇಲೆ ನಿಲ್ಲುವುದಿಲ್ಲ, ಕುಡಿಯುವ ನೀರಿಗೆ ತಾಗಬಾರದ ವಸ್ತು ಕೂಡ.

ಸೋರದಿದ್ದರೆ ತುಂಬಿದ ವೆಸ್ಟ್ ಹಾಕಿ ಅಂಗಳದಲ್ಲಿ ಹತ್ತು ನಿಮಿಷ ಓಡಿ, ಕೈ ಮೇಲೆತ್ತಿ, ಬಗ್ಗಿ ಶೂ ಲೇಸ್ ಕಟ್ಟಿ. ಕುಣಿದರೆ ಸೈಜ್ ತಪ್ಪು.

ಎಷ್ಟು ನೀರು ಬೇಕು ಎಂಬುದನ್ನು ತೂಕದಿಂದ ತಿಳಿಯಿರಿ. ಓಡುವ ಮುಂಚೆ 68 ಕೆಜಿ, ಒಂದು ಗಂಟೆ ಓಡಿ ಬೆವರು ಒರೆಸಿಕೊಂಡ ಮೇಲೆ 67.2, ನಡುವೆ ಕುಡಿದದ್ದು 400 ಎಂಎಲ್. ಅಂದರೆ ಗಂಟೆಗೆ 1.2 ಲೀಟರ್ ಬೆವರು. ಅಷ್ಟನ್ನೂ ಓಡುತ್ತಲೇ ತುಂಬಿಸಲು ಹೊಟ್ಟೆ ಒಪ್ಪುವುದಿಲ್ಲ. ಗಂಟೆಗೆ 600 ಎಂಎಲ್‌ನಂತೆ ಮೂರು ಗಂಟೆಗೆ 1.8 ಲೀಟರ್, ಮೇಲೆ ಅರ್ಧ ಲೀಟರ್ ಆಪತ್ತಿಗೆ. ಇದು ಮೇಲಿನ ವೆಸ್ಟ್‌ನಲ್ಲಿ ಹಿಡಿಯುತ್ತದೆ. ಬರೀ ನೀರನ್ನೇ ಗಟಗಟ ಕುಡಿಯುತ್ತ ಹೋದರೆ ರಕ್ತದ ಸೋಡಿಯಂ ಇಳಿಯುತ್ತದೆ: ತಲೆನೋವು, ವಾಂತಿ, ಬೆರಳಿನ ಉಂಗುರ ಬಿಗಿಯಾಗುವುದು. ಓಟದ ಕೊನೆಗೆ ತೂಕ ಹೆಚ್ಚಾಗಿದ್ದರೆ ಕುಡಿದದ್ದು ಅತಿಯಾಗಿದೆ ಎಂದೇ ಅರ್ಥ.

ಓಆರ್‌ಎಸ್ ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಇದೆಯೇ ನೋಡಿ: ಒಂದು ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ. ಹಣ್ಣಿನ ರುಚಿಯ ಸಕ್ಕರೆ ಪಾನೀಯಗಳಿಗೆ ಓಆರ್‌ಎಸ್ ಎಂದು ಹೆಸರಿಡುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ನಿಷೇಧಿಸಿದೆ. ಓಆರ್‌ಎಸ್ ಅನ್ನು ಬ್ಲಾಡರ್‌ಗೆ ಎಂದೂ ಹಾಕಬೇಡಿ, ಪೈಪಿನೊಳಗೆ ಸಿಹಿ ಉಳಿದು ಬೂಷ್ಟು ಹಿಡಿಯುತ್ತದೆ. ಬರೀ ನೀರಿದ್ದರೂ ಓಟ ಮುಗಿದ ದಿನವೇ ತೊಳೆದು, ಒಳಗೆ ಸ್ಟೀಲ್ ಸೌಟು ನಿಲ್ಲಿಸಿ ಬಾಯಿ ತೆರೆದಿಟ್ಟು, ನೆರಳಲ್ಲಿ ಒಣಗಿಸಿ.

ಓಡುವಾಗ ಎರಡು ಅಭ್ಯಾಸ. ಮೊದಲನೆಯದು, ಗುಟುಕು ಕುಡಿದ ಮೇಲೆಲ್ಲ ಪೈಪಿಗೆ ಊದಿ ನೀರನ್ನು ವಾಪಸ್ ಚೀಲಕ್ಕೆ ತಳ್ಳಿ, ಇಲ್ಲದಿದ್ದರೆ ಪೈಪಿನಲ್ಲಿ ನಿಂತ ನೀರು ಬಿಸಿಲಿಗೆ ಕಾದು ಬಾಯಿ ಸುಡುತ್ತದೆ. ಎರಡನೆಯದು, ಬಳ್ಳಾರಿ ಜಾಲಿ ಬೆಳೆದ ಕಾಲುದಾರಿಯಲ್ಲಿ ಬೆನ್ನು ಕೊಟ್ಟು ನುಗ್ಗಬೇಡಿ. ಆ ಮುಳ್ಳು ತೆಳು ಬಟ್ಟೆ, ಬ್ಲಾಡರ್ ಎರಡನ್ನೂ ದಾಟುತ್ತದೆ.

ಒಳ್ಳೆ ವೆಸ್ಟ್‌ಗೆ ಈ ಬ್ಯಾಗಿನ ನಾಲ್ಕೈದು ಪಟ್ಟು ಬೆಲೆಯಾಗಬಹುದು, ಎಲ್ಲರಿಗೂ ಆಗುವ ಮಾತಲ್ಲ. ದುಡ್ಡಿಲ್ಲದಿದ್ದರೆ ಗುಡ್ಡದೊಳಕ್ಕೆ ಒಂದೇ ಉದ್ದ ದಾರಿ ಹಿಡಿಯುವ ಬದಲು, ಬೈಕ್ ನಿಲ್ಲಿಸಿದ ಜಾಗವನ್ನೇ ನಡುವಿಟ್ಟುಕೊಂಡು ಐದಾರು ಕಿಲೋಮೀಟರಿನ ಸುತ್ತು ಹಾಕಿ. ನೀರಿನ ಕ್ಯಾನ್ ಬೈಕಿನ ಹತ್ತಿರ ನೆರಳಲ್ಲಿರಲಿ, ಕೈಯಲ್ಲಿ ಅರ್ಧ ಲೀಟರಿನ ಬಾಟಲಿ ಇರಲಿ. ಅಗ್ಗದ ಬ್ಯಾಗಿಗಿಂತ ಇದೇ ಎಷ್ಟೋ ಕ್ಷೇಮ.

ಆ ಬ್ಯಾಗ್ ಮಾರಿದವರು ‘ನೀರು ತುಂಬಿದ್ದೀರಿ, ಬಳಸಿದ ವಸ್ತು’ ಎಂದು ವಾಪಸ್ ಪಡೆಯಲಿಲ್ಲ. ಪ್ಯಾಕೆಟ್ ಮೇಲೆ ಆಮದು ಮಾಡಿದವರ ಹೆಸರು, ವಿಳಾಸ ಯಾವುದೂ ಇರಲಿಲ್ಲ. ಕಾನೂನು ಪ್ರಕಾರ ಅವು ಇರಲೇಬೇಕು. ಈಗಾಗಲೇ ಇಂಥದ್ದು ತಗೊಂಡು ಸಿಕ್ಕಿಹಾಕಿಕೊಂಡಿದ್ದರೆ ಬಿಲ್, ಡಬ್ಬದ ಫೋಟೊ, ಸೋರುವ ವಿಡಿಯೊ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಿ.