ಹೀಟ್ ಪಂಪ್ ಮತ್ತು ಅದರ ಮೇಲಿನ ಟ್ಯಾಕ್ಸ್ ಕ್ರೆಡಿಟ್: ಎರಡು ವರ್ಷ ಬಳಸಿದ ಮೇಲೆ

ನ್ಯೂಜೆರ್ಸಿಯ ನಮ್ಮ ಮನೆಯಲ್ಲಿ ಹಳೆಯದಾಗಿದ್ದ ಗ್ಯಾಸ್ ಫರ್ನೇಸ್ ಮತ್ತು ಏರ್ ಕಂಡೀಷನರ್ ಎರಡನ್ನೂ ತೆಗೆಸಿ, ಚಳಿಗಾಲದಲ್ಲಿ ಹೊರಗಿನ ಗಾಳಿಯ ಶಾಖವನ್ನು ಒಳಗೆ ತಂದು ಮನೆ ಬಿಸಿಮಾಡುವ, ಬೇಸಿಗೆಯಲ್ಲಿ ಹಿಮ್ಮುಖವಾಗಿ ನಡೆದು ತಂಪಾಗಿಸುವ ಒಂದೇ ಹೀಟ್ ಪಂಪ್ ಹಾಕಿಸಿ ಎರಡು ವರ್ಷ ಕಳೆದಿದೆ. ಹಾಕಿಸುವ ಧೈರ್ಯ ಬಂದದ್ದು 2022ರ ಇನ್ಫ್ಲೇಶನ್ ರಿಡಕ್ಷನ್ ಕಾಯ್ದೆ ಕೊಟ್ಟ ಟ್ಯಾಕ್ಸ್ ಕ್ರೆಡಿಟ್‌ನಿಂದ. ಆದ್ದರಿಂದ ಯಂತ್ರದ ಜೊತೆಗೆ ಆ ಸೌಲಭ್ಯದ ಬಗ್ಗೆಯೂ ಬರೆಯುತ್ತಿದ್ದೇನೆ.

ಊರಿನಲ್ಲಿ 80ಸಿ ಅಡಿಯಲ್ಲಿ ಹೂಡಿಕೆ ತೋರಿಸಿದರೆ ತೆರಿಗೆಗೆ ಒಳಪಡುವ ಆದಾಯ ಇಳಿಯುತ್ತದೆ. ಇಲ್ಲಿನ ಕ್ರೆಡಿಟ್ ಹಾಗಲ್ಲ, ಅದು ಕಟ್ಟಬೇಕಾದ ತೆರಿಗೆಯಿಂದಲೇ ನೇರವಾಗಿ ಕಳೆಯುವ ಮೊತ್ತ. ಹೀಟ್ ಪಂಪ್‌ಗೆ ಕೂಲಿಯೂ ಸೇರಿದಂತೆ ವೆಚ್ಚದ ಶೇ. 30, ಗರಿಷ್ಠ 2,000 ಡಾಲರ್ ಸಿಗುತ್ತಿತ್ತು. ನಮಗೆ 14,800 ಡಾಲರ್ ಖರ್ಚಾಯಿತು; ಶೇ. 30 ಎಂದರೆ 4,440 ಆಗುತ್ತಿತ್ತು, ಮಿತಿಯಿಂದಾಗಿ ದಕ್ಕಿದ್ದು 2,000. ಅದರ ಜೊತೆಗೇ 100 ಆಂಪಿಯರ್‌ನ ವಿದ್ಯುತ್ ಪ್ಯಾನೆಲ್ ಬದಲಿಸಿ 200 ಆಂಪಿಯರ್‌ನದು ಹಾಕಿಸಿದ್ದಕ್ಕೆ ಪ್ರತ್ಯೇಕವಾಗಿ 600 ಡಾಲರ್ ಸಿಕ್ಕಿತು. ವಿದ್ಯುತ್ ಕಂಪನಿಯಿಂದ ರಿಬೇಟ್ ಪಡೆದಿದ್ದರೆ ಅದನ್ನು ವೆಚ್ಚದಲ್ಲಿ ಕಳೆದ ಮೇಲೆಯೇ ಶೇ. 30ರ ಲೆಕ್ಕ ಹಾಕಬೇಕು. ಹಲವರು ಇಲ್ಲಿ ಎಡವುತ್ತಾರೆ.

ನಾವು ಎಡವಿದ್ದು ದಿನಾಂಕದಲ್ಲಿ. 2023ರ ನವೆಂಬರಿನಲ್ಲಿ ಮುಂಗಡ ಕೊಟ್ಟಿದ್ದರಿಂದ ಆ ವರ್ಷದ ರಿಟರ್ನ್‌ನಲ್ಲೇ ಕ್ರೆಡಿಟ್ ಸಿಗುತ್ತದೆಂದು ಎಣಿಸಿದ್ದೆವು. ಕೆಲಸ ಮುಗಿದದ್ದು 2024ರ ಜನವರಿಯಲ್ಲಿ. ಹಣ ಯಾವಾಗ ಕೊಟ್ಟಿರಿ ಎಂಬುದಕ್ಕಿಂತ ಉಪಕರಣ ಯಾವ ವರ್ಷ ಅಳವಡಿಕೆಯಾಗಿ ಬಳಕೆಗೆ ಸಿದ್ಧವಾಯಿತು ಎಂಬುದೇ ಕಾನೂನಿಗೆ ಮುಖ್ಯವಾದ್ದರಿಂದ ಇನ್ನೊಂದು ವರ್ಷ ಕಾಯಬೇಕಾಯಿತು. ಅದಕ್ಕಿಂತ ಹೆಚ್ಚು ಬೇಸರ ತಂದದ್ದು ಗುತ್ತಿಗೆದಾರರ ಬಿಲ್. ಅದರಲ್ಲಿ ಹೊರಗಿನ ಯಂತ್ರದ ಮಾಡೆಲ್ ಸಂಖ್ಯೆ ಮಾತ್ರ ಇತ್ತು. ಅರ್ಹತೆ ನಿರ್ಧಾರವಾಗುವುದು ಹೊರಗಿನ ಯಂತ್ರ ಮತ್ತು ಒಳಗಿನ ಕಾಯಿಲ್ ಎರಡೂ ಸೇರಿದ ಜೋಡಿಯ ದಕ್ಷತೆಯಿಂದ. ಆ ಜೋಡಿಗೆ ಎ.ಎಚ್.ಆರ್.ಐ. ಎಂಬ ಉಪಕರಣ ತಯಾರಕರ ಸಂಘದ ಪ್ರಮಾಣಪತ್ರ ಇರುತ್ತದೆ. ಅದನ್ನು ಪಡೆಯಲು ಮೂರು ವಾರ ಫೋನ್ ಮಾಡಬೇಕಾಯಿತು. ಕೊನೆಯ ಕಂತು ಕೊಡುವ ಮೊದಲೇ ಆ ಪತ್ರವನ್ನು ಕೈಗೆ ತೆಗೆದುಕೊಳ್ಳಬೇಕಿತ್ತು.

ಈ ಮಿತಿಗಳು ಆಯಾ ವರ್ಷಕ್ಕೆ ಅನ್ವಯಿಸುತ್ತಿದ್ದುದು ನಮಗೆ ಅನುಕೂಲವಾಯಿತು. ಹೀಟ್ ಪಂಪ್ ವಾಟರ್ ಹೀಟರ್‌ಗೂ ಅದೇ 2,000ದ ಮಿತಿ ಅನ್ವಯಿಸುತ್ತಿದ್ದುದರಿಂದ ಅದನ್ನು 2025ಕ್ಕೆ ಮುಂದೂಡಿದೆವು; 3,600 ಡಾಲರ್‌ಗೆ 1,080 ಡಾಲರ್ ಕ್ರೆಡಿಟ್. 2025ರಲ್ಲಿ ಅಳವಡಿಸಿದ ಉಪಕರಣಗಳಿಗೆ ತಯಾರಕರ ನಾಲ್ಕು ಅಕ್ಷರದ ಗುರುತಿನ ಸಂಖ್ಯೆಯನ್ನೂ ಈ ಕ್ರೆಡಿಟ್ ಕೇಳುವ ಫಾರ್ಮ್ 5695ರಲ್ಲಿ ಬರೆಯಬೇಕು.

ಈ ಸೌಲಭ್ಯದ ಬಗ್ಗೆ ನನಗಿರುವ ನಿಜವಾದ ಆಕ್ಷೇಪ ಒಂದೇ. ಕ್ರೆಡಿಟ್ ನಿಮ್ಮ ತೆರಿಗೆಯನ್ನು ಸೊನ್ನೆಗೆ ಇಳಿಸಬಹುದಿತ್ತು, ಅದರಾಚೆ ಒಂದು ಡಾಲರೂ ಕೈಗೆ ಬರುತ್ತಿರಲಿಲ್ಲ, ಉಳಿದದ್ದು ಮುಂದಿನ ವರ್ಷಕ್ಕೆ ಹೋಗುತ್ತಲೂ ಇರಲಿಲ್ಲ. ಪಿಂಚಣಿಯ ಮೇಲೆ ಬದುಕುವ, ತೆರಿಗೆಯೇ ಇಲ್ಲದ ಹಿರಿಯರ ಹಳೆಯ ಮನೆಗಳಲ್ಲಿಯೇ ಫರ್ನೇಸ್ ಮೊದಲು ಕೆಡುತ್ತದೆ. ಅವರಿಗೆ ಇದರಿಂದ ಏನೂ ದಕ್ಕಲಿಲ್ಲ.

ಇನ್ನು ಯಂತ್ರ. ಮೊದಲ ಹಿಮದ ಬೆಳಿಗ್ಗೆ ಹೊರಗಿನ ಯಂತ್ರದಿಂದ ಬಿಳಿ ಹೊಗೆ ಏಳುತ್ತಿರುವುದನ್ನು ಕಂಡು ನನ್ನ ಹೆಂಡತಿ ಗಾಬರಿಯಿಂದ ಕರೆದಳು. ಅದು ಹೊಗೆಯಲ್ಲ, ಆವಿ: ಕಾಯಿಲ್ ಮೇಲೆ ಕಟ್ಟಿದ ಮಂಜನ್ನು ಕರಗಿಸಲು ಯಂತ್ರ ಕೆಲವು ನಿಮಿಷ ತಾನೇ ಹಿಮ್ಮುಖವಾಗಿ ನಡೆಯುತ್ತದೆ. ಗ್ಯಾಸ್ ಫರ್ನೇಸ್‌ನಂತೆ ಸುಡುವ ಗಾಳಿ ಇದರಿಂದ ಬರುವುದಿಲ್ಲ; ಉಗುರುಬೆಚ್ಚನೆಯ ಗಾಳಿ ಹೆಚ್ಚು ಹೊತ್ತು ಬೀಸುತ್ತಿರುತ್ತದೆ. ರಾತ್ರಿ ಥರ್ಮೋಸ್ಟಾಟ್ ಇಳಿಸಿ ಬೆಳಿಗ್ಗೆ ಒಮ್ಮೆಲೇ ಏರಿಸುವ ಹಳೆಯ ಅಭ್ಯಾಸ ಬಿಟ್ಟು 68 ಡಿಗ್ರಿ ಫ್ಯಾರನ್‌ಹೀಟ್‌ಗೆ ನಿಲ್ಲಿಸಿದ ಮೇಲೆ ಮನೆ ಹಿತವಾಯಿತು. ಬೇಸಿಗೆಯಲ್ಲಂತೂ ದೂರುವುದಕ್ಕೆ ಏನೂ ಇಲ್ಲ.

2025ರ ಜುಲೈ 4ರಂದು ಸಹಿಯಾದ ಕಾಯ್ದೆ ಈ ಕ್ರೆಡಿಟ್ಟನ್ನು 2025ರ ಡಿಸೆಂಬರ್ 31ಕ್ಕೆ ಕೊನೆಗೊಳಿಸಿತು. 2032ರವರೆಗೆ ಇರುತ್ತದೆಂದು ನಂಬಿದ್ದವರಿಗೆ ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೆ 2023 ಅಥವಾ 2024ರಲ್ಲಿ ಹಾಕಿಸಿ ಕ್ರೆಡಿಟ್ ಕೇಳುವುದನ್ನು ಮರೆತಿರುವವರಿಗೆ ಫಾರ್ಮ್ 1040-ಎಕ್ಸ್ ಮೂಲಕ ರಿಟರ್ನ್ ತಿದ್ದಿಸಲು ಸಾಮಾನ್ಯವಾಗಿ ಮೂರು ವರ್ಷ ಅವಕಾಶವಿದೆ. ನಮ್ಮ ಪಕ್ಕದ ಬೀದಿಯ ಮೈಸೂರಿನ ದಂಪತಿ ಕಳೆದ ತಿಂಗಳು ಅಡುಗೆಮನೆಯ ಡ್ರಾಯರಿನಲ್ಲಿ ಸಿಕ್ಕ 2023ರ ಬಿಲ್ ಹಿಡಿದು ಬಂದರು. ಆ ಸಂಜೆಯೇ ಕುಳಿತು ಅವರ ಫಾರ್ಮ್ ತುಂಬಿಸಿದೆವು.