ಫ್ರಾಸ್ಟ್ ಮತ್ತು ನಿಕ್ಸನ್: ಸಿನಿಮಾ ನೋಡಬೇಕಾ, ಅಸಲಿ ಸಂದರ್ಶನ ನೋಡಬೇಕಾ?

ಅಪ್ಪನಿಗೆ ಈಗ ಎಪ್ಪತ್ತೈದು. ಅಮೆರಿಕದ ಅಧ್ಯಕ್ಷರಾಗಿದ್ದ ರಿಚರ್ಡ್ ನಿಕ್ಸನ್ ಅಂದರೆ ಅವರಿಗೆ ಮೊದಲು ನೆನಪಾಗುವುದು ವಾಟರ್‌ಗೇಟ್ ಹಗರಣ ಅಲ್ಲ. “ಬಾಂಗ್ಲಾ ಯುದ್ಧದಲ್ಲಿ ನಮ್ಮನ್ನು ಹೆದರಿಸೋಕೆ ಬಂಗಾಳ ಕೊಲ್ಲಿಗೆ ಹಡಗು ಕಳಿಸಿದವನು ಅಲ್ವಾ?” ಎಂದರು. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಡೇವಿಡ್ ಫ್ರಾಸ್ಟ್ 1977ರಲ್ಲಿ ನಿಕ್ಸನ್ ಜೊತೆ ಮಾಡಿದ ಟಿವಿ ಸಂದರ್ಶನದ ವಾಟರ್‌ಗೇಟ್ ಕಂತನ್ನು ನೋಡಿದೆ. ಮುಂದಿನ ವಾರ ಅದರ ಮೇಲೆ ಬಂದ 2008ರ ಸಿನಿಮಾ ‘ಫ್ರಾಸ್ಟ್/ನಿಕ್ಸನ್’ ಹಾಕಿದೆ. ನಾನು ಸಿನಿಮಾವನ್ನು ವರ್ಷಗಳ ಹಿಂದೆಯೇ ನೋಡಿದ್ದೆ, ಅಪ್ಪನಿಗೆ ಎರಡೂ ಹೊಸದು. ಅಂದರೆ ನಾನು ಸಿನಿಮಾದಿಂದ ಅಸಲಿಗೆ ಬಂದವಳು, ಅವರು ಅಸಲಿಯಿಂದ ಸಿನಿಮಾಕ್ಕೆ ಹೋದವರು.

ಹಿನ್ನೆಲೆ ಇಷ್ಟು. 1972ರಲ್ಲಿ ವಾಷಿಂಗ್ಟನ್ನಿನ ವಾಟರ್‌ಗೇಟ್ ಕಟ್ಟಡದಲ್ಲಿದ್ದ ವಿರೋಧ ಪಕ್ಷದ ಕಚೇರಿಗೆ ನಿಕ್ಸನ್ ಕಡೆಯವರು ಕದ್ದು ನುಗ್ಗಿ ಸಿಕ್ಕಿಬಿದ್ದರು. ಅದನ್ನು ಮುಚ್ಚಿಹಾಕಲು ನೋಡಿದ್ದೇ ಹಗರಣ. 1974ರ ಆಗಸ್ಟ್ 9ಕ್ಕೆ ನಿಕ್ಸನ್ ರಾಜೀನಾಮೆ ಕೊಟ್ಟರು. ಒಂದೇ ತಿಂಗಳಲ್ಲಿ ಹೊಸ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರಿಗೆ ಕ್ಷಮಾದಾನ ಕೊಟ್ಟುಬಿಟ್ಟರು. ಇನ್ನು ಯಾವ ಕೋರ್ಟೂ ಅವರನ್ನು ಕಟಕಟೆಗೆ ಹತ್ತಿಸುವ ಹಾಗಿರಲಿಲ್ಲ. ಜನರ ಪರವಾಗಿ ಎದುರು ಕೂತು ಕೇಳಲು ಉಳಿದದ್ದು ಈ ಸಂದರ್ಶನವೇ. ಫ್ರಾಸ್ಟ್ ಬ್ರಿಟನ್ನಿನ ಟಿವಿ ನಿರೂಪಕ. ಹಗುರ ಮನರಂಜನೆಯ ಮನುಷ್ಯ ಎಂದೇ ಎಲ್ಲರೂ ತಿಳಿದಿದ್ದರು. ನಿಕ್ಸನ್‌ಗೆ 6 ಲಕ್ಷ ಡಾಲರ್ ಕೊಡಲು ಒಪ್ಪಿದ್ದರು, ಲಾಭದಲ್ಲಿ ಪಾಲು ಬೇರೆ. ಅಮೆರಿಕದ ದೊಡ್ಡ ಟಿವಿ ಸಂಸ್ಥೆಗಳು ಕೈಕೊಟ್ಟ ಮೇಲೆ ತಾವೇ ಹಣ ಹೊಂದಿಸಿದರು. ಕ್ಯಾಲಿಫೋರ್ನಿಯಾದ ಒಂದು ಮನೆಯಲ್ಲಿ 28 ಗಂಟೆಗೂ ಮೀರಿ ಚಿತ್ರೀಕರಣ ನಡೆಯಿತು. ಮೇ ತಿಂಗಳಲ್ಲಿ ಪ್ರಸಾರವಾದ ಮೊದಲ ಕಂತನ್ನು ಸುಮಾರು 4.5 ಕೋಟಿ ಜನ ನೋಡಿದರು.

ಸಿನಿಮಾ ಈ ಪರದಾಟವನ್ನು ಚೆನ್ನಾಗಿ ಹಿಡಿದಿದೆ. ಪೀಟರ್ ಮಾರ್ಗನ್ ಮೊದಲು ನಾಟಕ ಬರೆದರು, ಆಮೇಲೆ ಅದನ್ನೇ ಚಿತ್ರಕಥೆ ಮಾಡಿದರು. ನಿರ್ದೇಶನ ರಾನ್ ಹೊವರ್ಡ್. ಫ್ರಾಂಕ್ ಲ್ಯಾಂಜೆಲಾ ನೋಡಲು ಅಷ್ಟೇನೂ ನಿಕ್ಸನ್ ಥರ ಇಲ್ಲ. ಆದರೂ ಹತ್ತು ನಿಮಿಷದಲ್ಲಿ ಅದು ಮರೆತೇ ಹೋಗುತ್ತದೆ. ನನಗೆ ತುಂಬಾ ಇಷ್ಟವಾದದ್ದು ಒಂದು ಚಿಕ್ಕ ದೃಶ್ಯ. ಫ್ರಾಸ್ಟ್ ತಂಡದ ಸಂಶೋಧಕ ಜೇಮ್ಸ್ ರೆಸ್ಟನ್, ಆ ಮನುಷ್ಯನ ಕೈ ಮಾತ್ರ ಕುಲುಕಲ್ಲ ಎಂದು ಹಟ ಹಿಡಿದಿರುತ್ತಾನೆ. ನಿಕ್ಸನ್ ಬಂದು ಎದುರಿಗೆ ಕೈ ಚಾಚುತ್ತಾರೆ. ರೆಸ್ಟನ್ ಒಂದು ಗಳಿಗೆ ತಡೆಯುತ್ತಾನೆ. ಆಮೇಲೆ ಅವನ ಕೈ ತಾನಾಗಿ ಮುಂದಕ್ಕೆ ಹೋಗುತ್ತದೆ. ಅಧಿಕಾರ ಕಳೆದುಕೊಂಡವರ ಮುಂದೆಯೂ ನಮ್ಮ ಬೆನ್ನು ಹೇಗೆ ಬಾಗುತ್ತದೆ ಎನ್ನುವುದನ್ನು ಇಷ್ಟು ಸರಳವಾಗಿ ತೋರಿಸಿದ್ದು ನಾನು ಬೇರೆಲ್ಲೂ ನೋಡಿಲ್ಲ.

ಅಸಲಿ ಕಂತಿನಲ್ಲಿ ಇಂಥದ್ದೇನೂ ಸಿಗಲ್ಲ. ಎರಡು ಕುರ್ಚಿ, ಇಬ್ಬರು ಮನುಷ್ಯರು, ಮಾತು. ಮೊದಲರ್ಧಕ್ಕೆ ತಾಳ್ಮೆ ಬೇಕು. ತಾರೀಖುಗಳು, ನಿಕ್ಸನ್ ತಮ್ಮ ಕಚೇರಿಯಲ್ಲಿ ಗುಟ್ಟಾಗಿ ಮಾತು ಮುದ್ರಿಸಿಕೊಂಡಿದ್ದ ಟೇಪುಗಳು, ಯಾರು ಯಾರಿಗೆ ಏನು ಹೇಳಿದರು ಅನ್ನೋದು. ಆದರೆ ಕಿವಿಗೊಟ್ಟು ಕೇಳಿದರೆ ನಿಕ್ಸನ್ ಯಾವ ಮಟ್ಟದ ವಕೀಲ ಎಂದು ಅಲ್ಲೇ ಗೊತ್ತಾಗುತ್ತದೆ. ಮುಚ್ಚಿಹಾಕಿದ್ದರ ಹಿಂದೆ ಅಪರಾಧದ ಉದ್ದೇಶ ಇದ್ದರೆ ಮಾತ್ರ ಅದು ಕಾನೂನಿಗೆ ವಿರುದ್ಧ, ನನಗಿದ್ದದ್ದು ಬೇರೆ ಉದ್ದೇಶ ಎಂದು ಮೆಲ್ಲಗೆ ಜಾರಿಕೊಳ್ಳುತ್ತಾರೆ. ಆಗ ಫ್ರಾಸ್ಟ್, 1973ರ ಮಾರ್ಚ್ 21ರ ಟೇಪಿನಲ್ಲಿ ಸಿಕ್ಕಿಬಿದ್ದವರ ಬಾಯಿ ಮುಚ್ಚಿಸುವ ಹಣದ ಬಗ್ಗೆ ನಿಕ್ಸನ್ ಆಡಿದ ಮಾತುಗಳನ್ನು ಒಂದರ ಹಿಂದೆ ಒಂದು ಓದುತ್ತಾ ಹೋಗುತ್ತಾರೆ. ನಿಕ್ಸನ್ ಅರ್ಧಕ್ಕೇ ತಡೆದು, ಸಂದರ್ಭ ಬಿಟ್ಟು ಓದುತ್ತಿದ್ದೀರಿ ಎನ್ನುತ್ತಾರೆ. ಅಪ್ಪ ಅಲ್ಲಿ ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕೂತರು.

ಸಿನಿಮಾದಲ್ಲಿ ಎಲ್ಲೆಲ್ಲಿ ಕೈಯಾಡಿಸಿದ್ದಾರೆ ಎಂದು ತಿಳಿದುಕೊಂಡು ನೋಡುವುದು ಒಳ್ಳೇದು. ಕುಡಿದ ನಿಕ್ಸನ್ ರಾತ್ರಿ ಹೊತ್ತು ಫ್ರಾಸ್ಟ್‌ಗೆ ಫೋನ್ ಮಾಡುವ ದೃಶ್ಯ ಪೂರ್ತಿ ಕಟ್ಟಿದ್ದು. ಅದು ಅದ್ಭುತವಾಗಿದೆ, ನಡೆದಿಲ್ಲ ಅಷ್ಟೇ. ನಿಕ್ಸನ್ ತಮ್ಮ ಆಪ್ತ ಚಾರ್ಲ್ಸ್ ಕೋಲ್ಸನ್ ಜೊತೆ ಆಡಿದ ಮಾತಿನ ದಾಖಲೆ ರೆಸ್ಟನ್ ಕೈಗೆ ಸಿಕ್ಕಿದ್ದು ಸಂದರ್ಶನಕ್ಕೆ ಎಷ್ಟೋ ತಿಂಗಳು ಮೊದಲು. ಸಿನಿಮಾದಲ್ಲಿ ಅದು ಕೊನೇ ಗಳಿಗೆಯ ಪವಾಡ ಆಗಿದೆ. “ಅಧ್ಯಕ್ಷರು ಮಾಡಿದರೆ ಅದು ಕಾನೂನುಬಾಹಿರ ಅಲ್ಲ” ಎಂಬ ಹೆಸರಾದ ಮಾತಿದೆಯಲ್ಲ, ಅದನ್ನು ನಿಕ್ಸನ್ ಹೇಳಿದ್ದು ಸ್ವಂತ ದೇಶದವರ ಮೇಲೆ ಗುಪ್ತವಾಗಿ ಕಣ್ಣಿಡುವ ಯೋಜನೆಯ ಬಗ್ಗೆ, ಬೇರೆ ಕಂತಿನಲ್ಲಿ. ಸಿನಿಮಾ ಅದನ್ನು ಎತ್ತಿ ತಂದು ವಾಟರ್‌ಗೇಟ್ ಜಟಾಪಟಿಯ ಮಧ್ಯೆ ಇಟ್ಟಿದೆ.

ಇಷ್ಟನ್ನೂ ನಾನು ಒಪ್ಪುತ್ತೇನೆ. ಎರಡು ಗಂಟೆಯಲ್ಲಿ ಕಥೆ ಮುಗಿಯಬೇಕಲ್ಲ. ಒಪ್ಪಲಾಗದ್ದು ಒಂದೇ.

ಎರಡರಲ್ಲೂ ಫ್ರಾಸ್ಟ್ ಕೈಯಲ್ಲಿದ್ದ ಕಾಗದದ ಹಲಗೆಯನ್ನು ಬದಿಗೆ ಹಾಕುತ್ತಾರೆ. ತಪ್ಪಿಗಿಂತ ದೊಡ್ಡದೇನೋ ನಡೆದಿತ್ತು, ಅಧಿಕಾರ ದುರುಪಯೋಗ ಆಯಿತು, ಜನರನ್ನು ಎರಡು ವರ್ಷ ಸುಮ್ನೆ ಸಂಕಟಕ್ಕೆ ತಳ್ಳಿದ್ದಕ್ಕೆ ಕ್ಷಮೆ ಕೇಳುತ್ತೇನೆ, ಈ ಮೂರನ್ನು ಹೇಳಿ ಎನ್ನುತ್ತಾರೆ. ಸಿನಿಮಾದಲ್ಲಿ ಆಮೇಲೆ ನಿಕ್ಸನ್ ಬಾಯಿಂದ ಹೊರಡುವುದು ಹೆಚ್ಚುಕಡಿಮೆ ತಪ್ಪೊಪ್ಪಿಗೆಯೇ. ಅಸಲಿಯಲ್ಲಿ ಹಾಗಿಲ್ಲ. ಕಾನೂನುಬಾಹಿರವಾಗಿ ಮುಚ್ಚಿಹಾಕುವುದರಲ್ಲಿ ನೀವಿದ್ದಿರಿ ಎಂಬ ಮಾತಿಗೆ ಅವರ ಉತ್ತರ ಖಡಾಖಂಡಿತವಾಗಿ ಇಲ್ಲ. ಸ್ನೇಹಿತರ, ದೇಶದ, ಜನರ ನಂಬಿಕೆ ಕಳೆದೆ ಎನ್ನುತ್ತಾರೆ. ಆ ಭಾರವನ್ನು ಬದುಕಿಡೀ ಹೊರಬೇಕು ಎನ್ನುತ್ತಾರೆ. ವಿರೋಧಿಗಳಿಗೆ ನಾನೇ ಕತ್ತಿ ಕೊಟ್ಟೆ, ಅವರು ಚುಚ್ಚಿ ತಿರುವಿದರು, ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆನೇನೋ ಎನ್ನುತ್ತಾರೆ. ಧ್ವನಿ ಒದ್ದೆಯಾಗುತ್ತದೆ. ಅಪರಾಧ ಮಾಡಿದೆ ಎಂಬ ಮಾತು ಮಾತ್ರ ಬರುವುದೇ ಇಲ್ಲ.

ಅಪ್ಪ ಕೇಳಿದರು: “ಈಗ ಅವನು ಒಪ್ಪಿಕೊಂಡನಾ, ಇಲ್ವಾ?”

ನಾವು ಹಿಂದಕ್ಕೆ ಹೋಗಿ ಮತ್ತೆ ಕೇಳಿಸಿಕೊಂಡೆವು. ಎರಡನೇ ಸಲವೂ ಉತ್ತರ ಸಿಗಲಿಲ್ಲ. ಆ ಮನುಷ್ಯ ನಿಜವಾಗಿ ನೊಂದಿದ್ದಾನೆ, ಜೊತೆಗೇ ಒಂದೊಂದು ಶಬ್ದವನ್ನೂ ತೂಗಿ ಇಡುತ್ತಿದ್ದಾನೆ. ಎರಡೂ ಒಂದೇ ಮುಖದಲ್ಲಿ ಕಾಣುತ್ತದೆ. ಎಷ್ಟು ಒಳ್ಳೆ ನಟ ಆದರೂ ಇದನ್ನು ಪೂರ್ತಿ ತರಲಾರ ಅನಿಸುತ್ತದೆ.

ಮುಂದಿನ ವಾರ ಸಿನಿಮಾದಲ್ಲಿ ಅದೇ ಜಾಗ ಬಂದಾಗ ಅಪ್ಪ ನನ್ನ ಕಡೆ ತಿರುಗಿ, “ನೋಡಮ್ಮ, ಇಲ್ಲಿ ಒಪ್ಪಿಸಿಬಿಟ್ರು” ಎಂದರು. ನಾನು ವರ್ಷಗಟ್ಟಲೆ ಅದನ್ನೇ ನಿಜ ಎಂದು ನಂಬಿದ್ದೆ. ನನಗೆ ನಿಜಕ್ಕೂ ಬೇಜಾರಾಯಿತು.

ವಾಟರ್‌ಗೇಟ್ ಬಗ್ಗೆ ಏನೂ ಗೊತ್ತಿಲ್ಲದವರು ಸಿನಿಮಾದಿಂದಲೇ ಶುರು ಮಾಡಿ. ಯಾರು ಏನು ಎನ್ನುವುದು ತಲೆಗೆ ಹತ್ತುತ್ತದೆ, ಅಸಲಿ ಕಂತು ಆಗ ಕಷ್ಟ ಆಗಲ್ಲ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಕಥೆ ಗೊತ್ತಿರುವವರು ನೇರವಾಗಿ 1977ಕ್ಕೇ ಹೋಗಿ. ಒಂದೇ ಸಂಜೆ ಬಿಡುವಿದ್ದರೆ ನನ್ನ ಆಯ್ಕೆ ವಾಟರ್‌ಗೇಟ್ ಕಂತು. ಅಪ್ಪ ಉಳಿದ ಕಂತುಗಳನ್ನೂ ಹಾಕು ಎನ್ನುತ್ತಿದ್ದಾರೆ, ಬಂಗಾಳ ಕೊಲ್ಲಿಯ ಹಡಗಿನ ಬಗ್ಗೆ ಫ್ರಾಸ್ಟ್ ಏನಾದರೂ ಕೇಳಿದ್ದಾರಾ ಎಂದು ನೋಡಲು.