ಶಿವಮೊಗ್ಗದ ನರ್ಸರಿಯ ಫೈಕಸ್ ಬೋನ್ಸಾಯ್: ಗಿಡ ಚೆಂದ, ಮಣ್ಣು ಬದಲಿಸಿ

ಕುಂಡದಲ್ಲಿ ಕುಳ್ಳಗೆ ಬೆಳೆಸುವ ಮರವೇ ಬೋನ್ಸಾಯ್. ಅದರಲ್ಲಿ ಹೊಸಬರ ಕೈಗೆ ಆಲ, ಅರಳಿಯ ಜಾತಿಯ ಫೈಕಸ್‌ ಚೆನ್ನಾಗಿ ಒಗ್ಗುತ್ತದೆ. ಇಲ್ಲಿ ಸಿಗುವ ಗಿಡಗಳ ಬುಡ ದಪ್ಪ, ಬೇರು ಸುತ್ತಲೂ ಹರಡಿದೆ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ತಕರಾರೆಲ್ಲ ಮಣ್ಣಿನದು. ಬರೀ ಕೆಂಪುಮಣ್ಣು, ತೆಂಗಿನ ನಾರಿನ ಪುಡಿ, ಮೇಲೆ ಅಂಟು ಹಾಕಿ ಕೂರಿಸಿದ ಬಿಳಿ ಕಲ್ಲು. ಮಲೆನಾಡಿನ ಜಡಿಮಳೆಗೆ ಇದು ಒಣಗುವುದೇ ಇಲ್ಲ, ಬೇರು ಕಪ್ಪಾಗಿ ಕೊಳೆಯುತ್ತದೆ. ಕಲ್ಲು ಕಿತ್ತು, ಮಳೆ ಹಿಡಿಯುವ ಮುಂಚೆ, ಮೇ ತಿಂಗಳಲ್ಲೇ ಮಣ್ಣು ಬದಲಿಸಿ: ಜರಡಿ ಹಿಡಿದ 3–5 ಮಿ.ಮೀ. ಇಟ್ಟಿಗೆ ಚೂರು 2 ಪಾಲು, ದಪ್ಪ ಮರಳು 1, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 1. ಬೇರನ್ನು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬೇಡಿ. ಜಾಗ ಬದಲಾದರೆ ಎಲೆ ಉದುರುವುದು ಸಹಜ, ಗಾಬರಿಯಿಂದ ನೀರು ಸುರಿಯಬೇಡಿ. ಆಕಾರ ಕೊಡಲು ಕೊಂಬೆಗೆ ಸುತ್ತಿದ ತಂತಿಯನ್ನೂ ನೋಡಿಕೊಳ್ಳಿ, ಕೆಲವದರಲ್ಲಿ ಅದು ಆಗಲೇ ತೊಗಟೆಗೆ ಇಳಿದಿದೆ. ಬಿಚ್ಚಲು ಹೋದರೆ ಸಿಪ್ಪೆ ಸುಲಿದು ಹಾಲು ಸುರಿಯುತ್ತದೆ, ತಂತಿಯನ್ನು ತುಂಡು ತುಂಡಾಗಿ ಕತ್ತರಿಸಿ ತೆಗೆಯಿರಿ.